ಒಂದು ವರ್ಷ ಅಂದಿರಿ, ಆರೇ ತಿಂಗಳಿತ್ತು: ಜರ್ಮನಿಯ ಲೈಸೆನ್ಸ್ ಸೇವೆಯ ಬಗ್ಗೆ ದೂರು

ಚಿಂಚವಡ, ಪುಣೆ
10 ಫೆಬ್ರವರಿ 2026

ಗೆ,
ಶಾಖಾ ವ್ಯವಸ್ಥಾಪಕರು,
ವಿದೇಶಕ್ಕೆ ಹೋಗುವವರ ಸಲಹಾ ಸೇವೆ, ಪುಣೆ ಕಚೇರಿ

ವಿಷಯ: ಜರ್ಮನಿಯಲ್ಲಿ ಕಾರು ಓಡಿಸುವ ಬಗ್ಗೆ ತಪ್ಪು ಮಾಹಿತಿ ಕೊಟ್ಟು, ಆಗದ ಕೆಲಸಕ್ಕೆ ಹಣ ಪಡೆದಿರುವುದು

ಮಾನ್ಯರೇ,

ಈ ದೂರನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ನೀವು ನನ್ನನ್ನು ನಂಬಿಸಿದ್ದೂ ಕನ್ನಡದಲ್ಲೇ. 2023ರ ನವೆಂಬರಿನಲ್ಲಿ ಇಲ್ಲಿಯ ಕನ್ನಡಿಗರು ನಡೆಸಿದ ರಾಜ್ಯೋತ್ಸವದಲ್ಲಿ ನಿಮ್ಮವರು ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂತಿದ್ದರು. ಕಂಪನಿಯಿಂದ ಎರಡು ವರ್ಷಕ್ಕೆ ಜರ್ಮನಿಗೆ ಹೊರಟಿದ್ದೇನೆ ಎಂದಾಗ ಧಾರವಾಡದ ಕಡೆಯ ಹುಡುಗನೊಬ್ಬ ಕರಪತ್ರ ಕೈಗಿಟ್ಟ. "ಅಕ್ಕಾರ, ಲೈಸೆನ್ಸಿನ ಚಿಂತಿ ಬಿಡ್ರಿ. ಇಂಟರ್‌ನ್ಯಾಷನಲ್ ಪರ್ಮಿಟ್ ತಗೊಂಡ್ರ ಒಂದ್ ವರ್ಷ ಆರಾಮ ಗಾಡಿ ಹೊಡೀಬಹುದು. ಅಷ್ಟರಾಗ ನಿಮ್ಮ ಇಲ್ಲೀ ಲೈಸೆನ್ಸ್ ಜರ್ಮನಿದಕ್ಕ ಬದಲಿ ಮಾಡಿಸಿ ಕೊಡ್ತೀವಿ, ಪರೀಕ್ಷಾ ಗಿರೀಕ್ಷಾ ಏನಿಲ್ಲ" ಎಂದ. ಬೈಲಹೊಂಗಲದಿಂದ ಬಂದು ಹದಿಮೂರು ವರ್ಷ ಪುಣೆಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲೇ ವ್ಯವಹಾರ ಮಾಡಿದವಳಿಗೆ ಊರ ಕಡೆಯ ಮಾತಿನ ಮೇಲೆ ನಂಬಿಕೆ ಬೇಗ ಬಂತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದು ಕರಪತ್ರದಲ್ಲಿ ಅಚ್ಚಾಗಿದ್ದದ್ದನ್ನೇ.

ಡಿಸೆಂಬರ್ 6ರಂದು ನಿಮ್ಮ ಕಚೇರಿಯಲ್ಲಿ ಎರಡು ರಸೀದಿ ಆದವು. ಪರ್ಮಿಟ್‌ಗೆ 8,500 ರೂಪಾಯಿ, "ಲೈಸೆನ್ಸ್ ಕನ್ವರ್ಷನ್ ಪ್ಯಾಕೇಜ್"ಗೆ 42,000 ರೂಪಾಯಿ. ಪರ್ಮಿಟ್‌ಗೆ ಆರ್‌ಟಿಒ ತೆಗೆದುಕೊಳ್ಳುವ ಶುಲ್ಕ 1,000 ರೂಪಾಯಿ ಮಾತ್ರ ಎಂದು ನನಗೆ ಆಗಲೂ ಗೊತ್ತಿತ್ತು. ಓಡಾಟ ತಪ್ಪಲಿ ಎಂದು ಒಪ್ಪಿಯೇ ಕೊಟ್ಟೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಆ "ಒಂದು ವರ್ಷ" ಎಂಬ ಮಾತಿನ ಬಗ್ಗೆ, ಮತ್ತು ಎರಡನೇ ರಸೀದಿಯ ಬಗ್ಗೆ.

ನಮ್ಮ ಆರ್‌ಟಿಒ ಕೊಡುವ ಪರ್ಮಿಟ್ ಪುಸ್ತಕದ ಅವಧಿ ಒಂದು ವರ್ಷ, ನಿಜ. ಆದರೆ ಅದು ಪುಸ್ತಕದ ಆಯುಷ್ಯ, ಇಲ್ಲಿಯವರು ಬರೆದದ್ದು. ಜರ್ಮನಿಯ ರಸ್ತೆಯಲ್ಲಿ ನಾನು ಎಷ್ಟು ದಿನ ಗಾಡಿ ಓಡಿಸಬಹುದು ಎಂಬುದನ್ನು ಹೇಳುವುದು ಜರ್ಮನಿಯ ಕಾನೂನು. ಅಲ್ಲಿ ವಾಸ ಹೂಡಿದ ದಿನದಿಂದ ಆರು ತಿಂಗಳು, ಅಷ್ಟೇ. ಒಟ್ಟು ವಾಸವೇ ಹನ್ನೆರಡು ತಿಂಗಳು ಮೀರುವುದಿಲ್ಲ ಎಂದು ತೋರಿಸಿಕೊಟ್ಟವರಿಗೆ ಮಾತ್ರ ಇನ್ನಷ್ಟು ಕಾಲ ವಿಸ್ತರಣೆ ಸಿಗಬಹುದು. ನನ್ನ ಒಪ್ಪಂದ ಎರಡು ವರ್ಷದ್ದು, ಅದರ ಪ್ರತಿ ನಿಮ್ಮ ಫೈಲಿನ ಮೊದಲ ಹಾಳೆಯೇ ಆಗಿತ್ತು. ಇನ್ನು "ಬದಲಿ ಮಾಡಿಸಿಕೊಡುವ" ಮಾತು. ಪರೀಕ್ಷೆಯಿಲ್ಲದೆ, ಅಥವಾ ಅರ್ಧ ಪರೀಕ್ಷೆಯಲ್ಲೇ ಲೈಸೆನ್ಸ್ ಬದಲಿಸಿಕೊಡುವ ದೇಶಗಳ ಪಟ್ಟಿಯೊಂದನ್ನು ಜರ್ಮನಿ ಇಟ್ಟುಕೊಂಡಿದೆ. ಜಪಾನ್ ಇದೆ, ದಕ್ಷಿಣ ಕೊರಿಯಾ ಇದೆ, ಸ್ವಿಟ್ಜರ್ಲೆಂಡ್ ಇದೆ. ಭಾರತ ಇಲ್ಲ. ಭಾರತದ ಲೈಸೆನ್ಸ್ ಇರುವವರು ಲಿಖಿತ ಪರೀಕ್ಷೆಯನ್ನೂ ಚಾಲನಾ ಪರೀಕ್ಷೆಯನ್ನೂ ಅಲ್ಲಿಯೇ ಕೂತು ಪಾಸು ಮಾಡಬೇಕು. ಪುಣೆಯಲ್ಲಿ ಕೂತವರು ಯಾರೂ ಅದನ್ನು "ಮಾಡಿಸಿಕೊಡಲು" ಬರುವುದಿಲ್ಲ. ಹಾಗಾದರೆ ಆ 42,000 ರೂಪಾಯಿ ಯಾವ ಕೆಲಸಕ್ಕೆ?

2024ರ ಜನವರಿ 15ರಂದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ ನಮ್ಮ ವಿಳಾಸ ನೋಂದಣಿ ಆಯಿತು. ಲೆಕ್ಕ ಹಾಕಿದರೆ ಜುಲೈ ಮಧ್ಯಕ್ಕೆ ನನ್ನ ಅವಧಿ ಮುಗಿದಿತ್ತು. ನಿಮ್ಮ ಕರಪತ್ರ ನಂಬಿದ್ದ ನಾನು ಓಡಿಸುತ್ತಲೇ ಇದ್ದೆ.

ಸೆಪ್ಟೆಂಬರ್ 11ರ ರಾತ್ರಿ ಎರಡನೇ ಪಾಳಿ ಮುಗಿಸಿ ಬರುವಾಗ ಪೊಲೀಸರು ಕೈ ತೋರಿಸಿ ಕಾರು ನಿಲ್ಲಿಸಿದರು. ಮಳೆ ಜಿನುಗುತ್ತಿತ್ತು. ನಾನು ಯಾವ ಅಳುಕೂ ಇಲ್ಲದೆ ಲೈಸೆನ್ಸ್ ಮತ್ತು ಪರ್ಮಿಟ್ ಪುಸ್ತಕ ಕೊಟ್ಟೆ. ಪುಸ್ತಕದ ಮೇಲಿನ ತಾರೀಖನ್ನು ಬೆರಳಿಟ್ಟು ತೋರಿಸಿ, ಇನ್ನೂ ಮೂರು ತಿಂಗಳಿದೆ ಎಂದೆ. ಆ ಅಧಿಕಾರಿ ವಯಸ್ಸಾದವರು, ದನಿ ಏರಿಸಲಿಲ್ಲ. ಊರಿಗೆ ಯಾವಾಗ ಬಂದಿರಿ ಎಂದು ಕೇಳಿ, ವೈರ್‌ಲೆಸ್‌ನಲ್ಲಿ ವಿಚಾರಿಸಿಕೊಂಡು, ಟಾರ್ಚ್ ಬೆಳಕಿನಲ್ಲಿ ಒಂದೊಂದೇ ಬೆರಳು ಮಡಚುತ್ತಾ ನನ್ನೆದುರೇ ಎಣಿಸಿದರು: ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ, ಜೂನ್, ಜುಲೈ. ಜುಲೈಗೆ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಕಾರಿನ ಕೀಲಿ ಇಸಿದುಕೊಂಡರು. ನನ್ನ ಆರು ವರ್ಷದ ಮಗಳು ಮನೆಯಲ್ಲಿ ಅಪ್ಪನ ಜೊತೆ ಎಚ್ಚರವಾಗಿದ್ದಳು. ಸಹೋದ್ಯೋಗಿಯೊಬ್ಬರು ಬಂದು ಕರೆದುಕೊಂಡು ಹೋಗುವವರೆಗೆ ಮುಕ್ಕಾಲು ಗಂಟೆ ರಸ್ತೆ ಬದಿಯಲ್ಲಿ ನಿಂತಿದ್ದೆ.

ಲೈಸೆನ್ಸ್ ಇಲ್ಲದೆ ಗಾಡಿ ಓಡಿಸುವುದು ಅಲ್ಲಿ ಬರೀ ದಂಡ ಕಟ್ಟಿ ಬರುವ ವಿಷಯವಲ್ಲ. ಅದು ಕ್ರಿಮಿನಲ್ ಅಪರಾಧ, ಒಂದು ವರ್ಷದವರೆಗೆ ಜೈಲು ಆಗಬಹುದು. ಪುಣೆ–ಬೆಳಗಾವಿ ಹೈವೇಯಲ್ಲಿ ಹನ್ನೊಂದು ವರ್ಷ ಒಂದು ಗೀರೂ ಆಗದಂತೆ ಗಾಡಿ ಓಡಿಸಿದವಳ ಹೆಸರಿನಲ್ಲಿ ಪ್ರಕರಣ ದಾಖಲಾಯಿತು. ವೀಸಾಕ್ಕೆ ತೊಂದರೆಯಾದೀತೆಂದು ತಿಂಗಳುಗಟ್ಟಲೆ ನಿದ್ದೆ ಬರಲಿಲ್ಲ. ಊರಲ್ಲಿರುವ ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ. ಕೊನೆಗೆ ವಕೀಲರ ಮೂಲಕ ಎಲ್ಲ ವಿವರ ಕೊಟ್ಟ ಮೇಲೆ 500 ಯೂರೋ ಕಟ್ಟುವ ಷರತ್ತಿನ ಮೇಲೆ ಪ್ರಕರಣ ಕೈಬಿಟ್ಟರು. ವಕೀಲರ ಫೀ 714 ಯೂರೋ.

ಪೊಲೀಸರು ಹಿಡಿದ ಮರುದಿನವೇ ನಿಮ್ಮ ಕಚೇರಿಗೆ ವಾಟ್ಸ್ಆ್ಯಪ್ ಮಾಡಿದ್ದೆ. ಮೂರು ದಿನ ಬಿಟ್ಟು ಬಂದ ಉತ್ತರ ಒಂದೇ ಸಾಲು: "ಅಲ್ಲಿಯ ನಿಯಮ ಈಗ ಬದಲಾಗಿರಬಹುದು." ನಿಯಮ ಬದಲಾಗಿರಲಿಲ್ಲ. ನೀವು ಕರಪತ್ರ ಅಚ್ಚು ಹಾಕಿಸಿದಾಗಲೂ ಆರು ತಿಂಗಳೇ ಇತ್ತು. ಆ ಒಂದು ಸಾಲು ನನಗೆ ಕೇಸಿಗಿಂತ ಹೆಚ್ಚು ನೋವು ಕೊಟ್ಟಿತು. ನಂತರದ ಎರಡು ಇಮೇಲ್‌ಗೆ ಉತ್ತರವೇ ಇಲ್ಲ.

ನನ್ನ ಕಾರ್ಖಾನೆ ಊರ ಹೊರಗೆ, ಒಂಬತ್ತು ಕಿಲೋಮೀಟರ್. ಮೊದಲ ಪಾಳಿ ಬೆಳಿಗ್ಗೆ ಆರಕ್ಕೆ ಶುರು, ಮೊದಲ ಬಸ್ಸು ಬರುವುದು ಆರೂ ಇಪ್ಪತ್ತಕ್ಕೆ. ಸೆಪ್ಟೆಂಬರಿನಿಂದ ಮೇವರೆಗೆ ಆ ಪಾಳಿಯ ವಾರಗಳಲ್ಲಿ ಕತ್ತಲಲ್ಲೇ ಎದ್ದು ಸೈಕಲ್ ತುಳಿದೆ. ಹಿಮ ಬಿದ್ದ ದಿನ ಯಾರಾದರೂ ಕರೆದುಕೊಂಡು ಹೋದಾರೇನೋ ಎಂದು ಹಿಂದಿನ ರಾತ್ರಿಯೇ ಫೋನ್ ಮಾಡಿ ಕೇಳಿಕೊಳ್ಳಬೇಕಿತ್ತು.

ಲೈಸೆನ್ಸ್ ಕೊನೆಗೂ ಸಿಕ್ಕಿತು, ಅದರಲ್ಲಿ ನಿಮ್ಮ ಪಾಲು ಏನೂ ಇಲ್ಲ. ಇಲ್ಲಿಯ ಲೈಸೆನ್ಸನ್ನು ಜರ್ಮನ್‌ಗೆ ಅನುವಾದ ಮಾಡಿಸಿದೆ, ಕಣ್ಣಿನ ಪರೀಕ್ಷೆ ಮಾಡಿಸಿದೆ, ಒಂದು ಶನಿವಾರ ಇಡೀ ದಿನ ಪ್ರಥಮ ಚಿಕಿತ್ಸೆಯ ತರಬೇತಿಗೆ ಕೂತೆ. ಮೂವತ್ತು ಪ್ರಶ್ನೆಗಳ ಲಿಖಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದೆ. ನನ್ನಂಥವರಿಗೆ ಇಷ್ಟೇ ಪಾಠ ಆಗಬೇಕೆಂಬ ಕಡ್ಡಾಯ ಇಲ್ಲ, ಆದರೆ ಪರೀಕ್ಷೆಗೆ ಡ್ರೈವಿಂಗ್ ಸ್ಕೂಲಿನ ಮೂಲಕವೇ ಹೋಗಬೇಕು. ಚಾಲನಾ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ. ಫಲಕವಿಲ್ಲದ ಅಡ್ಡರಸ್ತೆಯಲ್ಲಿ ಬಲಗಡೆಯಿಂದ ಬಂದ ಗಾಡಿಗೆ ದಾರಿ ಬಿಡಬೇಕಿತ್ತು, ನಾನು ನುಗ್ಗಿದೆ, ಪಕ್ಕದಲ್ಲಿದ್ದ ಬೋಧಕರು ಬ್ರೇಕ್ ಒತ್ತಿದರು. ಅಲ್ಲಿಗೆ ಮುಗಿಯಿತು. ಅದು ನನ್ನ ತಪ್ಪು, ನಿಮ್ಮ ಮೇಲೆ ಹೊರಿಸುವುದಿಲ್ಲ. ಆ ಪರೀಕ್ಷೆ ಇರಲೇಬೇಕು ಎಂದು ಈಗ ನಾನೇ ಹೇಳುತ್ತೇನೆ. ಡ್ರೈವಿಂಗ್ ಸ್ಕೂಲಿನ ಖರ್ಚನ್ನೂ ನಿಮ್ಮಿಂದ ಕೇಳುವುದಿಲ್ಲ, ಅದು ಹೇಗಿದ್ದರೂ ಆಗಬೇಕಾದ ಖರ್ಚು. ನೀವು ನಿಜ ಹೇಳಿದ್ದರೆ ಮೊದಲ ತಿಂಗಳೇ ಹೆಸರು ಹಚ್ಚಿ, ಜುಲೈ ಒಳಗೆ ಮುಗಿಸಲು ಪ್ರಯತ್ನಪಡುತ್ತಿದ್ದೆ. ಆಗದಿದ್ದರೆ ಕಾರು ಮನೆ ಮುಂದೆ ನಿಂತಿರುತ್ತಿತ್ತು, ಪೊಲೀಸ್ ಪ್ರಕರಣವಂತೂ ಆಗುತ್ತಿರಲಿಲ್ಲ.

ಜನವರಿಯಲ್ಲಿ ಪುಣೆಗೆ ವಾಪಸ್ ಬಂದ ಮೇಲೆ ಇದನ್ನೆಲ್ಲ ಮರೆತುಬಿಡೋಣ ಎಂದುಕೊಂಡಿದ್ದೆ. ಕಳೆದ ವಾರ ನಮ್ಮ ಸೊಸೈಟಿಯ ಹುಡುಗನೊಬ್ಬ, ಏಪ್ರಿಲ್‌ನಲ್ಲಿ ಮ್ಯೂನಿಕ್‌ಗೆ ಹೊರಟವನು, ಸಲಹೆ ಕೇಳಲು ಮನೆಗೆ ಬಂದ. ಅವನ ಕೈಯಲ್ಲಿ ನಿಮ್ಮ ಕರಪತ್ರ ಇತ್ತು. ಬಣ್ಣ ಬದಲಾಗಿದೆ, ಆ ಸಾಲು ಹಾಗೇ ಇದೆ. ಅದಕ್ಕೇ ಈ ಪತ್ರ.

ಕನ್ವರ್ಷನ್ ಪ್ಯಾಕೇಜಿನ 42,000 ರೂಪಾಯಿ ಪೂರ್ತಿ ಮರಳಿಸಬೇಕು. ವಕೀಲರ ಫೀ ಮತ್ತು ಷರತ್ತಿನ ಹಣ ಸೇರಿ 1,214 ಯೂರೋ ಭರಿಸಬೇಕು. ಇದೇ ಪ್ಯಾಕೇಜ್ ಕೊಂಡು ಈಗಾಗಲೇ ಜರ್ಮನಿಯಲ್ಲಿರುವ ಪ್ರತಿಯೊಬ್ಬರಿಗೂ ಈ ವಾರವೇ ಫೋನ್ ಮಾಡಿ ನಿಜ ತಿಳಿಸಬೇಕು. ಅವರಲ್ಲಿ ಯಾರಾದರೂ ಈ ಹೊತ್ತಿಗೆ ಏಳನೇ ತಿಂಗಳಲ್ಲಿ ಕಾರು ಓಡಿಸುತ್ತಿರಬಹುದು. ನನ್ನ ಹಣಕ್ಕಿಂತ ಇದು ಮೊದಲು ಆಗಬೇಕು.

ರಸೀದಿಗಳು, ಕರಪತ್ರ, ವಾಟ್ಸ್ಆ್ಯಪ್ ಸಂದೇಶ, ವಕೀಲರ ಬಿಲ್ಲಿನ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂವತ್ತು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಗಾಗಿ ಪುಣೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನೀವು ಹೇಳಿದ್ದು ಸುಳ್ಳೆಂದು ನನಗೆ ಗೊತ್ತಾದದ್ದೇ 2024ರ ಸೆಪ್ಟೆಂಬರಿನಲ್ಲಿ, ಹಾಗಾಗಿ ದೂರು ಕೊಡಲು ಇರುವ ಎರಡು ವರ್ಷದ ಗಡುವು ಇನ್ನೂ ಮುಗಿದಿಲ್ಲ.

ಕರಪತ್ರದಲ್ಲಿ "ಒಂದು ವರ್ಷ ನಿಶ್ಚಿಂತೆ" ಎಂಬ ಸಾಲನ್ನು ತೆಗೆದು ಈ ಮಾತು ಹಾಕಿಸಿ, ಬೇಕಾದರೆ ಇದ್ದಂತೆಯೇ ಬಳಸಿಕೊಳ್ಳಿ: "ಜರ್ಮನಿಯಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತದೆ. ಆಮೇಲೆ ಅಲ್ಲಿಯ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಹೋದ ಮೊದಲ ತಿಂಗಳಲ್ಲೇ ಅರ್ಜಿ ಹಾಕಿ."

ಇಂತಿ,
ನಿಮ್ಮ ಗ್ರಾಹಕಿ