ಇನ್ನು ಮೇಲೆ ಶಿವನೆ ಮರದಲ್ಲಿ ಕೆತ್ತುತ್ತೇವೆ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಈ ದೀಪಾವಳಿಯಿಂದ ನಮ್ಮ ಶಿರಸಿ ಶೆಡ್‌ನಲ್ಲಿ ಶ್ರೀಗಂಧದ ಮೂರ್ತಿಗಳಿಗೆ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಮುಂಗಡ ಕೊಟ್ಟವರ ಕೆಲಸ ಹೇಳಿದ ಹಾಗೆ ಗಂಧದಲ್ಲೇ ಮುಗಿಸಿ ಕೊಡುತ್ತೇವೆ. ಉಳಿದದ್ದೆಲ್ಲ ಶಿವನೆ ಮರದಲ್ಲಿ.

ಕಾರಣ ಇಷ್ಟೇ, ಒಳ್ಳೆ ಗಂಧ ಸಿಗುತ್ತಿಲ್ಲ. 2001ರ ಕಾನೂನು ತಿದ್ದುಪಡಿಯಿಂದ ಸ್ವಂತ ಜಮೀನಿನ ಗಂಧದ ಮರ ಮಾಲೀಕನದ್ದೇ ಆಯಿತು, ನಿಜ. ಆದರೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಬರುವ ಮರವೂ ಎಳೆಯದು. ಅದರಲ್ಲಿ ಚೇಗು, ಅಂದರೆ ಪರಿಮಳ ಇರುವ ಒಳಗಿನ ಗಟ್ಟಿ ಭಾಗ, ಕಡಿಮೆ; ಹೊರಗಿನ ಬಿಳಿ ಭಾಗಕ್ಕೆ ಪರಿಮಳವೇ ಇಲ್ಲ. ದುಡ್ಡು ಮಾತ್ರ ಗಂಧದ್ದೇ!

ನಮ್ಮದೊಂದು ತಪ್ಪೂ ಇದೆ. ಎರಡು ವರ್ಷದ ಹಿಂದೆ ಗೇಣುದ್ದದ ಒಂದು ಕೃಷ್ಣನ ಬೆನ್ನಿಗೆ ಬಿಳಿ ಭಾಗ ಬಂದಿತ್ತು. ಸುಮ್ನೆ ಗಂಧದೆಣ್ಣೆ ಒರೆಸಿ ಕೊಟ್ಟುಬಿಟ್ಟೆವು. ಕೊಂಡವರು ಮಳೆಗಾಲ ಕಳೆದ ಮೇಲೆ ಕುಮಟಾದಿಂದ ಅದನ್ನು ಹೊತ್ತು ತಂದರು. ನಮ್ಮ ಮೂಗಿನ ಹತ್ತಿರವೇ ಹಿಡಿದು, "ಎದೆಗೆ ಪರಿಮಳ ಇದೆ, ಬೆನ್ನಿಗೆ ಇಲ್ವಲ್ಲ ಮಾರಾಯ್ರೆ" ಅಂದರು. ದುಡ್ಡು ವಾಪಸ್ ಕೊಟ್ಟೆವು. ಆ ಎಣ್ಣೆ ಶೀಶೆ ಆಮೇಲೆ ಶೆಡ್‌ಗೆ ಬಂದಿಲ್ಲ.

ಶಿವನೆ ನಮ್ಮ ಕಡೆ ತಲೆತಲಾಂತರದಿಂದ ಕೆತ್ತನೆ ಮಾಡುವ ಗುಡಿಗಾರರಿಗೆ ಹೊಸ ಮರವೇನಲ್ಲ. ತೆಳು ಹಳದಿ ಬಣ್ಣ, ಹಗುರ, ಚೆನ್ನಾಗಿ ಒಣಗಿದರೆ ಬಿರುಕು ಕಡಿಮೆ. ಆದರೆ ಗಂಧದಷ್ಟು ನಯ ಇಲ್ಲ. ಗಂಧದಲ್ಲಿ ಸಾಸಿವೆ ಕಾಳಿನಷ್ಟು ಮುತ್ತು ಬಿಡಿಸಬಹುದು. ಶಿವನೆಯಲ್ಲಿ ಹಾಗೆ ಮಾಡಲು ಹೋದರೆ ಉಳಿ ತಾಗಿದ ಕೂಡಲೇ ಮುತ್ತು ಹಾರಿ ಹೋಗುತ್ತದೆ. ಮೊದಮೊದಲು ನಾಲ್ಕು ಗಣಪತಿಯ ಹಾರ ಹೀಗೇ ಹೋದವು. ಈಗ ಮುತ್ತು ಕೊತ್ತಂಬರಿ ಕಾಳಿನಷ್ಟಾಗಿದೆ. ಐದು ಹಾರ ಇದ್ದಲ್ಲಿ ಎರಡು, ಪಂಚೆಯ ನೆರಿಗೆ ಅಗಲ. ಮೊದಲ ಗಣಪತಿ ನಮಗೇ ಬೋಳು ಬೋಳು ಕಂಡ. ಈಗ ಹಳೆ ಫೋಟೋ ನೋಡಿದರೆ, ಅಷ್ಟೊಂದು ಒಡವೆಯ ನಡುವೆ ಮುಖವನ್ನು ಹುಡುಕಬೇಕು. ನಮ್ಮ ಹಿರಿಯ ಕೆಲಸಗಾರರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಒರಟು ಕೆಲಸಕ್ಕೆ ಮೆಷಿನ್ ಬಂದಿದೆ. ಮುಖ, ಕೈ ಬೆರಳು ಉಳಿ-ಕೊಡತಿಯಲ್ಲೇ. ಪಾಲಿಶ್ ಪೇಪರ್ ತಿಕ್ಕಿದ ಮೇಲೆ ಗರಗತ್ತಿ ಮರದ ಒರಟು ಎಲೆಯಲ್ಲಿ ಉಜ್ಜಿ, ಕೊನೆಗೆ ಜೇನುಮೇಣ ಹಚ್ಚುತ್ತೇವೆ. ಬಣ್ಣ ಇಲ್ಲ.

"ಗಂಧ ಅಲ್ಲದ ಮರ ಪೂಜೆಗೆ ಆಗ್ತದಾ?" ಅಂತ ಫೋನ್ ಮಾಡುವವರು ಜಾಸ್ತಿ. ನಮ್ಮೂರ ಮಾರಿಕಾಂಬೆಯೇ ಮರದ ಮೂರ್ತಿ ಅಲ್ವಾ? ನೀರು, ಹಾಲಿನ ಅಭಿಷೇಕ ಮಾತ್ರ ಬೇಡ. ಕಾರವಾರ, ಅಂಕೋಲಾ ಕಡೆಯವರು ಮಳೆಗಾಲದಲ್ಲಿ ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ. ಗಡಿಬಿಡಿಯಲ್ಲಿ ಬಿಸಿಲಿಗೆ ಇಡಬೇಡಿ, ಸೀಳು ಬರುತ್ತದೆ.

ಬೆಲೆ ಇಳಿಯುತ್ತದೆ, ಆದರೆ ನೀವು ಅಂದುಕೊಂಡಷ್ಟಲ್ಲ. ಮರ ಅಗ್ಗವಾದರೂ ಕೂಲಿ ಅಷ್ಟೇ. ಒಂದು ಅಡಿಗಿಂತ ದೊಡ್ಡ ಮೂರ್ತಿಗೆ ಮೂರು ತಿಂಗಳು ಮೊದಲೇ ಹೇಳಿ. ನಿಮ್ಮದೇ ಜಮೀನಿನ ಗಂಧ ಇದ್ದು, ಇಲಾಖೆಯ ಪಾಸ್ ಕೈಯಲ್ಲಿದ್ದರೆ ತನ್ನಿ, ಬರೀ ಕೂಲಿಗೆ ಕೆತ್ತಿ ಕೊಡುತ್ತೇವೆ. ಪಾಸ್ ಇಲ್ಲದ ತುಂಡು ಬೆರಳುದ್ದ ಇದ್ದರೂ ಮುಟ್ಟುವುದಿಲ್ಲ.

ಶೆಡ್‌ನ ಬಾಗಿಲ ಪಕ್ಕ ಗಂಧದ್ದೊಂದು, ಶಿವನೆಯದ್ದೊಂದು ಗಣಪತಿ ಇಟ್ಟಿದ್ದೇವೆ. ಬಂದು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಆರ್ಡರ್ ಕೊಡಿ.

ಇಂತಿ,
ಕೆತ್ತನೆ ಶೆಡ್‌ನ ಎಲ್ಲರ ಪರವಾಗಿ, ಶಿರಸಿ