ಬಸವನಹುಳು ತಿನ್ನುವ ಹಾವು ತಂದರೆ ತೋಟ ಉಳಿಯದು

ಸಂಪಾದಕರಿಗೆ,

ಮುಂಗಾರು ಶುರುವಾಗಿ ಆಫ್ರಿಕಾದ ದೈತ್ಯ ಬಸವನಹುಳು ಕಾಫಿ, ಬಾಳೆ, ಪಪ್ಪಾಯಿಗೆ ಹತ್ತಿದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಲಹೆ ಹರಿದಾಡುತ್ತದೆ: ‘ಬಸವನಹುಳುವನ್ನೇ ತಿಂದು ಬದುಕುವ ಹಾವಿದೆ, ತಂದು ತೋಟಕ್ಕೆ ಬಿಡಿ’. ಅಂಥ ಹಾವು ಇರುವುದು ನಿಜ. ಆದರೆ ಅದರಿಂದ ನಮ್ಮ ತೋಟ ಉಳಿಯುವುದಿಲ್ಲ.

ಏಷ್ಯಾದ ಈ ಹಾವುಗಳಲ್ಲಿ ಹೆಚ್ಚಿನವು ಪೇರಿಯಾಸ್ ಕುಲದವು. ಭಾರತದಲ್ಲಿ ಇವು ಡಾರ್ಜಿಲಿಂಗ್, ಅಸ್ಸಾಂ, ಅರುಣಾಚಲದ ಕಡೆಯ ತೇವದ ಕಾಡುಗಳಲ್ಲಿವೆ. ಸುಮಾರು ಎರಡಡಿ ಉದ್ದದ ತೆಳ್ಳನೆಯ ಮೈ, ದೊಡ್ಡ ಕಣ್ಣು, ಮೊಂಡು ಮೂತಿ. ಓಡಾಟವೆಲ್ಲ ರಾತ್ರಿ, ಮನುಷ್ಯರಿಗೆ ಅಪಾಯವಿಲ್ಲ. ನಮ್ಮ ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿರುವ ಕ್ಸೈಲೋಫಿಸ್ ಹಾವುಗಳನ್ನು 2018ರಲ್ಲಿ ಇದೇ ಕುಟುಂಬದೊಳಗಿನ ಪ್ರತ್ಯೇಕ ಉಪಕುಟುಂಬವೆಂದು ಗುರುತಿಸಲಾಯಿತು. ಆದರೆ ಅವು ಮಣ್ಣಿನಡಿ ಎರೆಹುಳು ಹುಡುಕಿ ತಿನ್ನುವಂಥವು.

ಪೇರಿಯಾಸ್ ಹಾವು ಚಿಪ್ಪು ಒಡೆಯುವುದಿಲ್ಲ, ನುಂಗುವುದೂ ಇಲ್ಲ. ಹರಿದಾಡುತ್ತಿರುವ ಹುಳುವಿನ ಹಿಂದಿನಿಂದ ಬಂದು, ತಲೆ ಓರೆ ಮಾಡಿ ಮೆತ್ತನೆಯ ಮಾಂಸಕ್ಕೆ ಬಾಯಿ ಹಾಕುತ್ತದೆ. ಮೇಲ್ದವಡೆ ಚಿಪ್ಪಿನ ಹೊರಗೇ ಉಳಿಯುತ್ತದೆ. ಕೆಳದವಡೆ ಒಳಗೆ ತೂರಿ, ಅದರ ಎಡಬಲ ಭಾಗಗಳು ಸರದಿಯಂತೆ ಹಿಂದೆ ಮುಂದೆ ಸರಿಯುತ್ತಾ ಮಾಂಸವನ್ನು ಈಚೆಗೆ ಎಳೆಯುತ್ತವೆ. ಜಪಾನಿನ ಇಶಿಗಾಕಿ, ಇರಿಯೊಮೊಟೆ ದ್ವೀಪಗಳಲ್ಲಿರುವ, ಇದೇ ಕುಲದ ಇವಾಸಾಕಿ ಹಾವಿನ ಕೆಳದವಡೆಯಲ್ಲಿ ಬಲಕ್ಕೆ ಸರಾಸರಿ 25, ಎಡಕ್ಕೆ 18ರಷ್ಟು ಹಲ್ಲುಗಳಿವೆ ಎಂದು ಸಂಶೋಧಕ ಮಸಾಕಿ ಹೋಸೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಬಸವನಹುಳುಗಳಲ್ಲಿ ಹೆಚ್ಚಿನವುಗಳ ಚಿಪ್ಪು ಬಲಕ್ಕೆ ಸುತ್ತಿರುವುದೇ ಇದಕ್ಕೆ ಕಾರಣ. ಎಡಕ್ಕೆ ಸುತ್ತಿದ ಚಿಪ್ಪು ಎದುರಾದರೆ ಹಿಡಿತ ಸಿಗದೆ ಹುಳು ಹೆಚ್ಚಾಗಿ ಪಾರಾಗುತ್ತದೆ. ಸುರುಳಿಯ ದಿಕ್ಕು ಬದಲಾದರೇ ಸೋಲುವಷ್ಟು ನಾಜೂಕಾದ ಈ ಬಾಯಿ, ಅಂಗೈ ತುಂಬುವ ಆಫ್ರಿಕಾ ಹುಳುವಿನ ಮುಂದೆ ಏನು ಮಾಡೀತು? ಕಾಡಿನಲ್ಲಿ ಅದರ ಆಹಾರ ಸಣ್ಣ ಹುಳುಗಳು. ನಮ್ಮಲ್ಲಿಗೆ ತಂದುಬಿಟ್ಟರೆ ಘಟ್ಟದಲ್ಲೇ ಹುಟ್ಟಿ ಬೆಳೆದ, ಬೆಳೆಗೆ ತೊಂದರೆ ಕೊಡದ ಪುಟ್ಟ ಬಸವನಹುಳುಗಳೇ ಮೊದಲು ಬಲಿಯಾಗುತ್ತವೆ.

ಇಂಥದ್ದು ಈಗಾಗಲೇ ಆಗಿದೆ. ಇದೇ ಆಫ್ರಿಕಾ ಹುಳುವನ್ನು ಹತ್ತಿಕ್ಕಲು ಯೂಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳುವನ್ನು 1955ರಲ್ಲಿ ಹವಾಯಿಗೆ, 1970ರ ದಶಕದಲ್ಲಿ ತಾಹಿತಿ, ಮೂರಿಯಾ ದ್ವೀಪಗಳಿಗೆ ತಂದರು. ಆಫ್ರಿಕಾ ಹುಳು ಉಳಿಯಿತು. ಮೂರಿಯಾದ ಕಾಡಿನಲ್ಲಿ ಸ್ಥಳೀಯ ಪಾರ್ಟುಲಾ ಹುಳುಗಳು ಹತ್ತೇ ವರ್ಷಗಳಲ್ಲಿ ಬಹುತೇಕ ಕಣ್ಮರೆಯಾದವು.

ನಮಗೆ ಉಳಿದಿರುವುದು ಕೈಯಿಂದ ಹೆಕ್ಕುವ ಕೆಲಸ, ಅದೂ ಸರಿಯಾದ ಹೊತ್ತಿನಲ್ಲಿ. ಬೇಸಿಗೆಯಿಡೀ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿದ ಹುಳು ಮೊದಲ ಮಳೆಗೆ ಹಸಿದು ಹೊರಬರುತ್ತದೆ. ಮೊಟ್ಟೆ ಇಡುವ ಮುನ್ನ ಸಿಕ್ಕುವ ಅವಕಾಶ ಅದೊಂದೇ. ಆಮೇಲೆ ಒಂದೊಂದು ಹುಳು ಮಣ್ಣಿನಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ತುಂಡು ಇಟ್ಟರೆ ಬೆಳಗ್ಗೆ ಬಿಸಿಲೇರುವ ಮೊದಲು ಅಲ್ಲೇ ಗುಂಪಾಗಿ ಸಿಗುತ್ತವೆ. ಕೈಗವಸು ಕಡ್ಡಾಯ. ಈ ಹುಳುವಿನಲ್ಲಿರಬಹುದಾದ ಇಲಿ ಶ್ವಾಸಕೋಶದ ಜಂತು ಮನುಷ್ಯರ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಹೆಕ್ಕಿದ್ದನ್ನು ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ಸತ್ತ ಮೇಲೆ ಗುಂಡಿಯಲ್ಲಿ ಹೂಳಬೇಕು. ಬೇಲಿಯಾಚೆ ಎಸೆದರೆ ಮರುರಾತ್ರಿಯೇ ವಾಪಸ್. ಉಪ್ಪನ್ನು ಗಿಡದ ಬುಡಕ್ಕಂತೂ ಸುರಿಯಬೇಡಿ, ಬೇರು ಸುಡುತ್ತದೆ.

ಬಸವನಹುಳು ಕೊಲ್ಲುವ ವಿಷವಾದ ಮೆಟಾಲ್ಡಿಹೈಡ್ 2.5% ಗುಳಿಗೆಯನ್ನು ಮಳೆ ಬಿಡುವು ಕೊಟ್ಟ ಸಂಜೆ ಮಾತ್ರ ಬಳಸಿ. ಅದು ಹುಳುವಿನ ಲೋಳೆಯನ್ನೆಲ್ಲ ಸುರಿಸಿ ಒಣಗಿಸುತ್ತದೆ. ಮಳೆ ಬಂದರೆ ಹುಳು ನೀರು ಹೀರಿ ಚೇತರಿಸಿಕೊಳ್ಳುತ್ತದೆ. ನಾಯಿಗಳು ಗುಳಿಗೆಯನ್ನು ತಿಂದು ಸಾಯುವುದುಂಟು. ಆದ್ದರಿಂದ ರಾಶಿ ಹಾಕದೆ ತೆಳುವಾಗಿ ಚೆಲ್ಲಬೇಕು, ಮನೆಯ ಸುತ್ತ ಬೇಡ.

ಒಬ್ಬರ ತೋಟ ಮಾತ್ರ ಶುಚಿಯಾದರೆ ಪಕ್ಕದ ತೋಟದಿಂದ ಮತ್ತೆ ನುಗ್ಗುತ್ತವೆ. ತೋಟಗಾರಿಕೆ ಇಲಾಖೆ ಮತ್ತು ಪಂಚಾಯಿತಿಗಳು ಮೊದಲ ಮಳೆಯ ವಾರದಲ್ಲೇ ಇಡೀ ಊರಿನಲ್ಲಿ ಒಟ್ಟಿಗೆ ಹೆಕ್ಕುವ ದಿನ ಗೊತ್ತುಮಾಡಿ, ಕೈಗವಸು ಮತ್ತು ಉಪ್ಪು ಒದಗಿಸಬೇಕು.

– ಓದುಗರು, ಸೋಮವಾರಪೇಟೆ