ಮನೆ ಕೊಡಲ್ಲ ಅಂದರೆ ಕಾರಣ ಬರೆದುಕೊಡಿ

ಕೋಲಾರ,
ಭಾನುವಾರ ಮಧ್ಯಾಹ್ನ

ಪುಟ್ಟಿ,

ಪೋಸ್ಟಣ್ಣನ ನುಡಿನಮನ ಹೇಗೆ ನಡೀತು ಅಂತ ನೀನು ಕೇಳಿದ್ದೆ. ಚೆನ್ನಾಗೇ ನಡೀತು. ಹಾಲ್ ತುಂಬಿತ್ತು, ಹೊರಗೂ ಜನ ನಿಂತಿದ್ದರು. ಮಾತಾಡಿದವರೆಲ್ಲ ಒಬ್ಬರಾದ ಮೇಲೊಬ್ಬರು ‘ಸರಳ ಸಜ್ಜನ’, ‘ಅಜಾತಶತ್ರು’ ಅಂದರು. ಅಜಾತಶತ್ರು! ಈ ಊರಲ್ಲಿ ಎಷ್ಟೋ ಮನೆ ಮಾಲೀಕರು ಅವರನ್ನು ದೂರದಿಂದ ಕಂಡರೇ ಗೇಟು ಹಾಕಿಕೊಳ್ಳುತ್ತಿದ್ದರು. ನಿಮ್ಮಪ್ಪ ನಗು ತಡೆಯೋಕೆ ಕರ್ಚೀಫು ಬಾಯಿಗಿಟ್ಟುಕೊಂಡು ಕೂತಿದ್ದರೆ, ಅಳ್ತಿದ್ದಾರೆ ಅಂತ ಯಾರೋ ಪಾಪ ನೀರಿನ ಬಾಟ್ಲಿ ತಂದುಕೊಟ್ಟರು.

ನಿನ್ನ ಪಾಲಿಗೆ ಅವರು ಆಲ್ಬಮ್ಮಿಗೆ ಸ್ಟಾಂಪು ತಂದುಕೊಡುತ್ತಿದ್ದ ಪೋಸ್ಟ್‌ಮ್ಯಾನ್ ತಾತ. ವೇದಿಕೆ ಮೇಲೆ ಹೇಳದೆ ಬಿಟ್ಟಿದ್ದನ್ನ ಬರೀತೀನಿ.

ಹುಟ್ಟಿದ್ದು ಕೆಜಿಎಫ್‌ನ ಚಾಂಪಿಯನ್ ರೀಫಿನಲ್ಲಿ, ಲೈನ್ ಮನೆಯಲ್ಲಿ. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದವರು. ಶಿವನಸಮುದ್ರದ ಕರೆಂಟು 1902ರಲ್ಲೇ ಆ ಗಣಿಗೆ ಬಂದಿತ್ತು, ಬೆಂಗಳೂರಿಗಿಂತ ಮೊದಲು. ದೊರೆಗಳಿಗೆ ಬಂಗಲೆ, ಕೂಲಿಯವರಿಗೆ ಸಾಲು ಸಾಲು ಒಂಟಿ ಕೋಣೆ. ಅದೂ ಕಂಪನಿಯದ್ದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಕೆಲಸದ ಚಿಂತೆ ಎಷ್ಟೋ, ಮನೆಯ ಚಿಂತೆಯೂ ಅಷ್ಟೇ ಇತ್ತು. “ಇರೋ ಮನೆ ನಮ್ಮದಲ್ಲ ಅಂತ ಗೊತ್ತಿದ್ದುಕೊಂಡೇ ಬೆಳೆದೋನು ನಾನು” ಅನ್ನೋರು. ಪೋಸ್ಟಾಫೀಸಿನ ಕೆಲಸ ಸಿಕ್ಕಿ ಕೋಲಾರಕ್ಕೆ ಬಂದರು. ಯಾವ ಬೀದೀಲಿ ಯಾವ ಮನೆ ಖಾಲಿ ಇದೆ, ಎಷ್ಟು ತಿಂಗಳಿಂದ ಖಾಲಿ ಇದೆ ಅನ್ನೋದು ಪೋಸ್ಟ್‌ಮ್ಯಾನಿಗೆ ಗೊತ್ತಿರುವಷ್ಟು ಬ್ರೋಕರಿಗೂ ಗೊತ್ತಿರಲ್ಲ.

ನನಗೆ ಇಲ್ಲಿನ ಆಸ್ಪತ್ರೆಗೆ ಸ್ಟಾಫ್ ನರ್ಸಾಗಿ ವರ್ಗ ಆದಾಗ ನೀನು ಯುಕೆಜಿ. ಮುಳಬಾಗಿಲಿಂದ ದಿನಾ ಬಸ್ಸಲ್ಲಿ ಓಡಾಡಿ ಸಾಕಾಗಿ ಮನೆ ಹುಡುಕೋಕೆ ಶುರುಮಾಡಿದೆವು. ಜಾತಿ ಯಾರೂ ನೇರ ಕೇಳಲ್ಲ ಕಣೇ. ಮೊದಲು “ಯಾವೂರು?” ಆಮೇಲೆ “ಊರಲ್ಲಿ ಮನೆ ಎಲ್ಲಿ ಬರುತ್ತೆ, ದೇವಸ್ಥಾನದ ಹತ್ರಾನಾ?” ಆಮೇಲೆ “ಮನೆದೇವರು ಯಾವುದು?” ಕೊನೆಗೆ “ನಾನ್‌ವೆಜ್ ಮಾಡ್ತೀರಾ?” ಭಾನುವಾರ ಭಾನುವಾರ ಬೋಟಿ ಬೇಯಿಸುವ ಮನೆಯವರೇ ನನ್ನನ್ನ ಹಾಗೆ ಕೇಳಿದ್ದುಂಟು. ಒಬ್ಬ ಹೆಂಗಸು ನನ್ನ ಹತ್ತಿರ ಕನ್ನಡದಲ್ಲಿ ನಗುನಗುತ್ತಾ ಮಾತಾಡಿ, ಒಳಗಿದ್ದ ಅತ್ತೆಗೆ ತೆಲುಗಲ್ಲಿ “ವಾಳ್ಳು ಮನವಾಳ್ಳು ಕಾದು”, ಅವರು ನಮ್ಮವರಲ್ಲ, ಅಂದಳು. ಮುಳಬಾಗಿಲವಳಿಗೆ ತೆಲುಗು ಬರಲ್ಲ ಅಂದುಕೊಂಡಿದ್ದಳು!

ಅಂತೂ ಒಂದು ಮನೆ ಕುದುರಿತು. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟೆವು. ಕರಾರುಪತ್ರಕ್ಕೆ ಅಂತ ನಿಮ್ಮಪ್ಪ ವೋಟರ್ ಐಡಿ ಜೆರಾಕ್ಸ್ ಕೊಟ್ಟರು, ಅದರಲ್ಲಿ ವಿಳಾಸ ಎ.ಕೆ. ಕಾಲೋನಿ, ಅಂದರೆ ಆದಿ ಕರ್ನಾಟಕದವರ, ದಲಿತರ ಕೇರಿ. ಮಾರನೇ ಬೆಳಿಗ್ಗೆ ದುಡ್ಡು ವಾಪಸ್ ಬಂತು. “ಬೋರು ಬತ್ತಿದೆ ಸಿಸ್ಟರ್, ಚಿಕ್ಕ ಮಗು ಬೇರೆ, ನಿಮಗೇ ಕಷ್ಟ.” ಕೋಲಾರದಲ್ಲಿ ನೀರಿನ ನೆಪ ಹೇಳಿದರೆ ಯಾರು ತಾನೇ ಇಲ್ಲ ಅಂತಾರೆ? 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಕೆರೆಗೆ ಬಂದ ಮೇಲೆ ಬೇರೇನು ಲಾಭವೋ ನಷ್ಟವೋ, ಈ ನೆಪದ ಕಾವಂತೂ ಸ್ವಲ್ಪ ಇಳಿದಿದೆ.

ಆ ಬೀದಿ ಪೋಸ್ಟಣ್ಣನ ಬೀಟು. ‘ಮನೆ ಬಾಡಿಗೆಗಿದೆ’ ಬೋರ್ಡು ಮತ್ತೆ ನೇತುಬಿದ್ದಿದ್ದನ್ನ ನೋಡಿ, ಆಸ್ಪತ್ರೆಗೇ ಬಂದು ನನ್ನನ್ನ ವಿಚಾರಿಸಿಕೊಂಡರು. ನಾನು ಬೇರೆ ಮನೆ ತೋರಿಸ್ತಾರೆ ಅಂದುಕೊಂಡರೆ, ಜೇಬಿಂದ ಬಿಳಿ ಹಾಳೆ ತೆಗೆದು “ಬರೀರಮ್ಮ” ಅಂದರು. ಡ್ಯೂಟಿ ರೂಮಿನ ಟೇಬಲ್ ಮೇಲೆ ಅವರು ಹೇಳಿದ ಹಾಗೆ ಬರೆದೆ: “ತಮ್ಮ ಮನೆಯನ್ನು ಬಾಡಿಗೆಗೆ ಕೊಡಲು ಒಪ್ಪಿ, ಮುಂಗಡ ಪಡೆದು, ಹಿಂತಿರುಗಿಸಿರುತ್ತೀರಿ. ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.” ಅಷ್ಟೇ. ಬೈಗುಳ ಇಲ್ಲ, ಕಾನೂನಿನ ಬೆದರಿಕೆ ಇಲ್ಲ. ರಿಜಿಸ್ಟರ್ಡ್ ಪೋಸ್ಟು, ಜೊತೆಗೆ ಎ.ಡಿ. ಕಾರ್ಡು, ಕಾಗದ ತಲುಪಿತು ಅಂತ ಸಹಿ ಹಾಕಿ ವಾಪಸ್ ಬರೋದು. ತಾನು ಬರೆಸಿದ ಕಾಗದ ತಾನೇ ಬಟವಾಡೆ ಮಾಡಬಾರದು ಅಂತ ಅವತ್ತಿನ ಬೀಟನ್ನ ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಅಂಥ ವಿಷಯದಲ್ಲಿ ಬಲು ಕಟ್ಟುನಿಟ್ಟು.

ಸಹಿ ಹಾಕಿದ ಕಾರ್ಡು ವಾಪಸ್ ಬಂತು, ಉತ್ತರ ಬರಲಿಲ್ಲ. ಆ ಮನೆಯೂ ಸಿಗಲಿಲ್ಲ. ಆದರೆ ಕಾಗದದ ಸುದ್ದಿ ಬೀದಿ ತುಂಬ ಹಬ್ಬಿ, ಹಿಂದಿನ ಬೀದಿಯವರೊಬ್ಬರು ತಾವಾಗಿಯೇ ಕರೆದು ಮನೆ ಕೊಟ್ಟರು. ಪ್ರೀತಿಯಿಂದಲ್ಲ, ಈ ಪೋಸ್ಟ್‌ಮ್ಯಾನ್ ಸಹವಾಸ ಬೇಡಪ್ಪ ಅಂತ. ನೀನು ಸೈಕಲ್ ಕಲಿತಿದ್ದು ಆ ಮನೆ ಮುಂದೆಯೇ.

ಹೀಗೆ ಅವರು ಬರೆಸಿದ ಕಾಗದಗಳಿಗೆ ಲೆಕ್ಕ ಇಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಸೆಕ್ಷನ್ ಬಾಯಿಪಾಠ ಇತ್ತು. ಬಾವಿ, ಹೋಟೆಲು, ನದಿ ಘಟ್ಟದ ಜೊತೆಗೆ, ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟೋದು, ಕೊಳ್ಳೋದು, ವಾಸ ಮಾಡೋದು ಕೂಡ ಅದರಲ್ಲಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಅದಕ್ಕೆ ಅಡ್ಡಿ ಮಾಡಿದರೆ ಒಂದರಿಂದ ಆರು ತಿಂಗಳು ಜೈಲು, ನೂರರಿಂದ ಐನೂರು ರೂಪಾಯಿ ದಂಡ. “ಐನೂರು ರೂಪಾಯಿಗೆ ಈಗ ಒಂದು ಕೆಜಿ ಮಟನ್ನೂ ಬರಲ್ಲ” ಅಂತ ನಗೋರು. ತೊಂದರೆ ಇರೋದು ದಂಡದಲ್ಲಲ್ಲ, ಆ ಕಾರಣಕ್ಕೇ ಮನೆ ಕೊಡಲಿಲ್ಲ ಅಂತ ತೋರಿಸೋದರಲ್ಲಿ. ಬೋರು ಬತ್ತಿದೆ ಅಂದವರನ್ನ ಯಾವ ಕೋರ್ಟಿಗೆ ಎಳೀತೀಯ? ಅದಕ್ಕೇ ಕಾರಣ ಬರೆದುಕೊಡಿ ಅನ್ನೋ ಹಟ.

ಒಂದ್ಸಲ ಮುಸ್ಲಿಂ ದಂಪತಿ ಬಂದರು, ಇಬ್ಬರೂ ಟೀಚರು. ಎಲ್ಲಿ ಹೋದರೂ ಹೆಸರು ಕೇಳಿದ ತಕ್ಷಣ ಮನೆ ‘ಬೇರೆಯವರಿಗೆ ಮಾತಾಗಿಬಿಟ್ಟಿದೆ’. ಪೋಸ್ಟಣ್ಣನಿಗೆ ಕೈಕಟ್ಟಿದಂತಾಯಿತು. ಆ ಕಾಯ್ದೆ ಇವರ ನೆರವಿಗೆ ಬರಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲ ಹೆಸರು ಹೇಳಿದ್ದಾರೆ, ಬಾಡಿಗೆ ಮನೆ ಇಲ್ಲ. ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದೇ ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಬಣ್ಣ ಧರ್ಮ ನೋಡಿ ಮನೆ ನಿರಾಕರಿಸಬಾರದು ಅಂತ ಕಾನೂನೇ ಬಂತು, ನಮಗಿನ್ನೂ ಇಲ್ಲ ಅಂತ ಎಲ್ಲೋ ಓದಿಕೊಂಡು ಬಂದು ಒದ್ದಾಡಿದರು. ಒಂದೇ ಮನೆಗೆ ಕರಿಯರನ್ನೊಮ್ಮೆ ಬಿಳಿಯರನ್ನೊಮ್ಮೆ ಕಳಿಸಿ ಸುಳ್ಳು ಹಿಡಿಯುವ ಪದ್ಧತಿ ಅಲ್ಲಿದೆಯಂತೆ. ಇವರೂ ಅದೇ ಮಾಡಿದರು. ಟೀಚರಮ್ಮ ಹೋಗಿ ಬಂದ ಅರ್ಧ ಗಂಟೆಗೆ ನಿಮ್ಮಪ್ಪನ ಸ್ನೇಹಿತರೊಬ್ಬರು, ಜನಿವಾರದವರು, ಅದೇ ಮನೆಗೆ ಹೋದರು. ಕಾಫಿ ಕೊಟ್ಟು, ಕೀಲಿ ತೆಗೆದು, ಮೇಲಿನ ಟ್ಯಾಂಕಿನವರೆಗೂ ತೋರಿಸಿದರಂತೆ. ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ ನಿಂತರು. ಮಾಲೀಕರ ಮುಖ ನೋಡಬೇಕಿತ್ತು ಅಂತ ಆ ಸ್ನೇಹಿತರು ಈಗಲೂ ಹೇಳ್ತಾರೆ.

ಎಲ್ಲದರಲ್ಲೂ ಅವರು ಸರಿ ಅಂತ ನಾನು ಹೇಳಲ್ಲ. ಒಂದು ಬಡ ಕುಟುಂಬಕ್ಕೆ ಮಳೆಗಾಲಕ್ಕೆ ಮುಂಚೆ ತಲೆ ಮೇಲೊಂದು ಸೂರು ಬೇಕಿತ್ತು, ಅಷ್ಟೇ. ಇವರು ಕಾಗದ, ಕಂಪ್ಲೇಂಟು ಅಂತ ಎಳೆದರು. ಅವರು ಬೇಸತ್ತು ಕಾಲೋನಿಗೇ ವಾಪಸ್ ಹೋದರು. ನಿಮ್ಮಪ್ಪ ಇದನ್ನ ಮುಖಕ್ಕೇ ಹೇಳಿ, ಇಬ್ಬರೂ ಬಹಳ ದಿನ ಮಾತು ಬಿಟ್ಟಿದ್ದರು. ನನಗೂ ನಿಮ್ಮಪ್ಪ ಹೇಳಿದ್ದೇ ಸರಿ ಅನಿಸಿತ್ತು. ಆದರೆ ಪೋಸ್ಟಣ್ಣ ಬರೋಡದ ಕಥೆ ತೆಗೆದರೆ ಎಲ್ಲರೂ ಸುಮ್ಮನಾಗುತ್ತಿದ್ದೆವು. ಕೊಲಂಬಿಯಾ, ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡದಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಅಂತ ಹೇಳಿಕೊಂಡು ಛತ್ರದಲ್ಲಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಖಾಲಿ ಮಾಡಿಸಿದರು. “ಬೇರೆ ಹೆಸರು ಹೇಳಿ ಹೋದರೂ ಹನ್ನೊಂದೇ ದಿನ” ಅನ್ನೋರು ಪೋಸ್ಟಣ್ಣ.

ನಿನ್ನ ಬ್ರೋಕರು ‘ಲಿಂಗಾಯತರು ಅಂತ ಹೇಳಿಬಿಡಿ ಮೇಡಂ, ಯಾರು ಚೆಕ್ ಮಾಡ್ತಾರೆ’ ಅಂದಿದ್ದು ಕೇಳಿ ನನಗೆ ಅದೇ ನೆನಪಾಯಿತು. ಹೇಳು, ಹೇಳಬೇಡ, ಎರಡನ್ನೂ ನಾನು ಹೇಳಲ್ಲ. ರಾತ್ರಿ ಶಿಫ್ಟು ಮುಗಿಸಿ ಬಂದು ಮಲಗೋದಕ್ಕೆ ಜಾಗ ಬೇಕಾದವಳು ನೀನು.

ಆದರೆ ಮಾರತಹಳ್ಳಿ ಮನೆಯವರು ಅಡ್ವಾನ್ಸ್ ತಗೊಂಡು ವಾಪಸ್ ಹಾಕಿದ್ದಾರಲ್ಲ, ಅವರ ವಿಳಾಸ ನನಗೆ ವಾಟ್ಸಾಪ್ ಮಾಡು. ರಿಜಿಸ್ಟರ್ಡ್ ಪೋಸ್ಟನ್ನ 2025ರಲ್ಲಿ ಸ್ಪೀಡ್ ಪೋಸ್ಟಿಗೇ ಸೇರಿಸಿಬಿಟ್ಟಿದ್ದಾರೆ, ಪರವಾಗಿಲ್ಲ, ಅದರಲ್ಲೇ ಕಳಿಸೋಣ. ಒಕ್ಕಣೆ ನನಗೆ ಬಾಯಿಗೇ ಬರುತ್ತೆ. ನೀನು ಸಹಿ ಹಾಕಿದರೆ ಸಾಕು, ಬೇಡ ಅನಿಸಿದರೆ ಅದನ್ನೂ ಹೇಳು.

ಚಿಂತಾಮಣಿ ಚಿಕ್ಕಮ್ಮ ಕಡ್ಲೆಕಾಯಿ ಕೊಟ್ಟು ಕಳಿಸಿದ್ದಾರೆ, ಬಂದಾಗ ತಗೊಂಡು ಹೋಗು.

ನಿನ್ನ
ಅಮ್ಮ